ನುಂಗಿದ ಮಾತಿನ ಮಾಪಕ

ಮನುಷ್ಯ ಆಡಿದ ಮಾತನ್ನು ಅಳೆಯುವ ಯಂತ್ರಗಳು ಬೇಕಾದಷ್ಟಿದ್ದವು. ಆಡದೆ ನುಂಗಿದ ಮಾತನ್ನು ಅಳೆಯುವ ಯಂತ್ರ ಮಾಡಿದವನು ನಾನು, ಪ್ರಭಂಜನ ಗಲಗಲಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹನ್ನೊಂದು ವರ್ಷ ಒಂದರ ಬೆನ್ನು ಹತ್ತಿ ತಲೆಗೂದಲು ಕಳೆದುಕೊಂಡವನು ಹೇಗೆ ಹೇಳಬೇಕೋ ಹಾಗೆ ಹೇಳುತ್ತಿದ್ದೇನೆ.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಬಾಯಿಗೆ ಬಂದ ಮಾತನ್ನು ತಡೆದಾಗ ನಾಲಿಗೆ ಸುಮ್ಮನಿರುತ್ತದೆ, ಗಂಟಲು ಸುಮ್ಮನಿರುವುದಿಲ್ಲ. ಅಲ್ಲಿನ ಸ್ನಾಯುಗಳು ಆ ಮಾತನ್ನು ಸದ್ದಿಲ್ಲದೆ ಆಡಿಯೇ ಬಿಡುತ್ತವೆ. ಕೊರಳಿಗೆ ಎರಡು ಬೆರಳಗಲದ ಪಟ್ಟಿ ಕಟ್ಟಿ, ಎದುರಾಳಿಯ ಹೆಸರು ಹೇಳಿ, ಆ ಅದುರನ್ನು ಹಿಡಿದರೆ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಬರುತ್ತದೆ. ಸೊನ್ನೆ ಎಂದರೆ ಹೊಟ್ಟೆಯಲ್ಲಿ ಏನೂ ಉಳಿದಿಲ್ಲ. ನೂರು ಎಂದರೆ ಆ ಮನುಷ್ಯನ ಕೈಗೆಟುಕುವ ಜಾಗದಲ್ಲಿ ಒನಕೆ ಇಡಬೇಡಿ.

ಇಂಥದ್ದು ಯಾರಿಗೆ ಬೇಕಿತ್ತು ಎನ್ನುತ್ತೀರೇನೋ. ಸರಕಾರಕ್ಕೆ ಬೇಕಿತ್ತು. ಕೆರೆ, ಕ್ವಾರಿ, ಹೊಗೆ, ವಾಸನೆ ಎಂದು ಊರೂರಲ್ಲಿ ಎದ್ದ ಜಗಳಗಳು ಕೋರ್ಟು ತುಂಬಿ ಹೊರಚೆಲ್ಲುತ್ತಿದ್ದ ಕಾಲ ಅದು. ಹಾಗಾಗಿ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವ ಪದ್ಧತಿ ಬಂತು. ರಾಜಿಗಳೇನೋ ಸಾವಿರಗಟ್ಟಲೆ ಆದವು. ಎಷ್ಟು ನಿಂತವು, ಎಷ್ಟು ಬಿದ್ದವು ಎಂದು ಹೇಳುವವರಿರಲಿಲ್ಲ. ಅದನ್ನು ನೋಡಲಿಕ್ಕೆಂದೇ ಧಾರವಾಡದಲ್ಲಿ ನಮ್ಮ ರಾಜಿ ಪರೀಕ್ಷಾ ಕೇಂದ್ರ ಹುಟ್ಟಿತು.

ಮೊದಲಿಗೆ ನಾವು ಪ್ರಶ್ನೆಪತ್ರಿಕೆ ಹಂಚುತ್ತಿದ್ದೆವು. ‘ರಾಜಿಯಿಂದ ನಿಮಗೆ ತೃಪ್ತಿಯಾಗಿದೆಯೇ? ತುಂಬಾ, ಸ್ವಲ್ಪ, ಇಲ್ಲ.’ ಜನ ‘ತುಂಬಾ’ಕ್ಕೆ ಗುರುತು ಹಾಕಿ ಊಟಕ್ಕೆ ಹೋಗುತ್ತಿದ್ದರು. ಒಂದು ಕೆರೆಯ ರಾಜಿಗೆ ನೂರಕ್ಕೆ ನೂರು ತೃಪ್ತಿ ಬಂದಿತ್ತು. ಅದೇ ವಾರ ಯಾರೋ ಕೆರೆಯ ತೂಬು ಒಡೆದರು. ಒಡೆದವನನ್ನು ಹಿಡಿದು ತಂದು ನೋಡಿದರೆ ಅವನ ಪತ್ರಿಕೆಯಲ್ಲೂ ‘ತುಂಬಾ’ ಎಂದೇ ಇತ್ತು. ಆಮೇಲೆ ನನ್ನ ಯಂತ್ರಕ್ಕೆ ಕದ ತೆರೆಯಿತು.

ಜೊತೆಗೆ ನಿಯಮಗಳೂ ಬಂದವು. ಅಂಕಿ ನಲವತ್ತು ದಾಟಿದರೆ ರಾಜಿ ವಿಫಲ, ಜಗಳಕ್ಕೆ ಕಾರಣವಾದ ಉದ್ಯಮ ಜಾಗ ಖಾಲಿ ಮಾಡಬೇಕು. ಇನ್ನೊಂದು, ಯಂತ್ರ ಏನನ್ನು ಅಳೆಯುತ್ತದೆ ಎಂದು ಅಳೆಸಿಕೊಳ್ಳುವವರಿಗೆ ಹೇಳಕೂಡದು. ಹೇಳಿದರೆ ಅದಕ್ಕೂ ಟ್ಯೂಷನ್ ಶುರುವಾಗುತ್ತದೆ ಎಂಬುದು ನಮ್ಮ ನಿರ್ದೇಶಕರ ಭಯ.

ಮೊದಲ ಅಧಿಕೃತ ಪರೀಕ್ಷೆಗೆ ಗೊತ್ತಾದ ಊರು ಹಾವೇರಿ ಸೀಮೆಯ ಕೆಂಚನಗಟ್ಟಿ. ಅಲ್ಲಿ ಒಂದೇ ಓಣಿಯಲ್ಲಿ ಹತ್ತು ಖಾರದಪುಡಿ ಗಿರಣಿಗಳು, ಎದುರು ಸಾಲಿನಲ್ಲಿ ಮನೆಗಳು ಮತ್ತು ಹೆಣ್ಣುಮಕ್ಕಳ ಶಾಲೆ. ಒಂದು ಕಾಲಕ್ಕೆ ಗಿರಣಿ ತಿರುಗಿತೆಂದರೆ ಇಡೀ ಓಣಿ ಸೀನುತ್ತಿತ್ತಂತೆ. ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೆ ವರ, ವಧು, ಪುರೋಹಿತರು ಮೂವರೂ ಸೀನಿ ಮುಹೂರ್ತವೇ ದಾಟಿಹೋಗಿತ್ತಂತೆ. ಆರು ವರ್ಷದ ಹಿಂದೆ ಒಂಬತ್ತು ಷರತ್ತಿನ ರಾಜಿಯಾಯಿತು. ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡಲು ಪ್ರತಿ ಗುರುವಾರ ಎರಡೂ ಕಡೆಯವರು ಸಭೆ ಸೇರುತ್ತಿದ್ದರು.

ನಾನು ಸೋಮವಾರ ಬಸ್ಸಿಳಿಯುತ್ತಿದ್ದಂತೆ ಮೂಗು ಉರಿಯತೊಡಗಿತು. ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಎದ್ದು ಬಂದಳು. ಅವಳ ಬೆರಳ ತುದಿಗಳೆಲ್ಲ ಕೆಂಪಗಿದ್ದವು.

“ಮಷೀನ್ ಸಾಹೇಬ್ರು ನೀವ ಏನ್ರಿ?”

“ಹೌದವ್ವ. ನೀವು?”

“ನಾ ನೀಲವ್ವರಿ. ಶೆಟ್ಟರ ಗಿರಣ್ಯಾಗ ತುಂಬು ಬಿಡಸಾಕಿ. ನಾವು ಒಂದನೂರಾ ನಲವತ್ತು ಹೆಣ್ಮಕ್ಕಳು ಅದೀವಿ.”

ತುಂಬು ಎಂದರೆ ಮೆಣಸಿನಕಾಯಿಯ ತೊಟ್ಟು. ಅದನ್ನು ಒಂದೊಂದಾಗಿ ಕೈಯಿಂದ ಬಿಡಿಸದೆ ಕಾಯಿ ಗಿರಣಿಗೆ ಬೀಳುವುದಿಲ್ಲ.

“ನಿಮ್ಮ ಮಷೀನು ನಾಪಾಸ್ ಅಂದ್ರ ಗಿರಣಿ ಅರವತ್ತು ಕಿಲೋಮೀಟರ್ ಆಚೀಕ ಹೊಕ್ಕಾವಂತ. ದಿನಾ ಅಷ್ಟು ದೂರ ಹೆಂಗ ಹೋಗೂಣ್ರಿ? ಮನಿ, ಮಕ್ಳು, ಮುದುಕರು ಎಲ್ಲಾ ಇಲ್ಲೇ ಅದಾರ. ಬ್ಯಾರೆ ಕೆಲಸ ಈ ಊರಾಗ ಇಲ್ಲ. ಪಾಸ್ ಮಾಡ್ರಿ ಸಾಹೇಬ್ರ.”

“ಪಾಸ್ ಮಾಡೋದು ನಾ ಅಲ್ಲವ್ವ, ಯಂತ್ರ.”

“ಹಂಗಾರ ಅದಕ್ಕ ಒಂದ್ ಮಾತ ಹೇಳ್ರಿ,” ಎಂದು ಕೆಮ್ಮುತ್ತ ಕೆಲಸಕ್ಕೆ ಹೊರಟುಹೋದಳು.

ಪರೀಕ್ಷೆ ಶೆಟ್ಟರ ಗಿರಣಿಗೆ ಅಂಟಿಕೊಂಡ ಹಾಲ್‌ನಲ್ಲಿ. ಗಿರಣಿಯವರ ಪರವಾಗಿ ಈರಸಂಗಪ್ಪ ಕೋರಿಶೆಟ್ಟರು, ಓಣಿಯವರ ಪರವಾಗಿ ನಿವೃತ್ತ ಮುಖ್ಯ ಶಿಕ್ಷಕಿ ಕಾಶೀಬಾಯಿ. ಊರಿಗೆಲ್ಲ ಅವರು ಅಕ್ಕೋರು. ಶೆಟ್ಟರೂ ನಾಲ್ಕನೆಯ ಇಯತ್ತೆಯಲ್ಲಿ ಅವರ ಕೈಯಲ್ಲೇ ಪೆಟ್ಟು ತಿಂದವರು. ಬಾಗಿಲಲ್ಲಿ ಇಬ್ಬರೂ ಎದುರಾದರು.

“ಮಾನ್ಯ ಅಕ್ಕೋರೇ, ದಯಮಾಡಿ ಮೊದಲು ತಾವು ಆಸೀನರಾಗಬೇಕು.”

“ಛೇ ಛೇ, ತಾವು ಮೊದಲು, ಶ್ರೀಮಾನ್ ಈರಸಂಗಪ್ಪನವರೇ.”

ಹೀಗೆ ಐದು ನಿಮಿಷ ಇಬ್ಬರೂ ಕೂರಲೇ ಇಲ್ಲ. ನಡುನಡುವೆ ಸೀನುತ್ತಿದ್ದರು. ಪ್ರತಿ ಸೀನಿಗೂ ಕರವಸ್ತ್ರ ಹಿಡಿದು, “ಏನಿಲ್ಲ, ಸ್ವಲ್ಪ ನೆಗಡಿ,” ಎಂದು ನನ್ನ ಕಡೆ ನೋಡಿ ನಗುತ್ತಿದ್ದರು. ಆಮೇಲೆ ತಿಳಿಯಿತು, ಪರೀಕ್ಷೆಯ ಸುದ್ದಿ ಬಂದಂದಿನಿಂದ ಅಕ್ಕೋರು ಒಂದು ತಿಂಗಳು ಸಭ್ಯ ಮಾತಿನ ತರಗತಿ ನಡೆಸಿದ್ದರು. ಜಗಳ ಅಳೆಯುವ ಯಂತ್ರ ಬರುತ್ತದೆ, ಅಷ್ಟರೊಳಗೆ ಊರಿನಲ್ಲಿ ಜಗಳ ಎಂಬುದೇ ಇರಕೂಡದು ಎಂದು ಊರಿಗೆ ಊರೇ ಬಾಯಿ ಹೊಲಿದುಕೊಂಡಿತ್ತು.

ಪಟ್ಟಿ ಕಟ್ಟಿದೆ. ಹೆಸರು ಹೇಳಿದೆ. ಶೆಟ್ಟರದು ಎಂಬತ್ನಾಲ್ಕು, ಅಕ್ಕೋರದು ತೊಂಬತ್ತೊಂದು.

“ಶಕ್ಯನ ಇಲ್ರಿ!” ಅಕ್ಕೋರು ಎದ್ದು ನಿಂತರು. “ಒಂದ ತಿಂಗ್ಳಾತು, ಒಂದ ಕೆಟ್ಟ ಮಾತು ಆಡಿಲ್ಲ ನಾವು!”

“ಮಷೀನ ಕೆಟ್ಟಿರಬೇಕ್ರಿ,” ಎಂದರು ಶೆಟ್ಟರು, ಮುಖ ಬಿಳಚಿಕೊಂಡು.

ಗುರುವಾರ ಇನ್ನೊಂದು ಸಲ ನೋಡಲು ಅವಕಾಶವಿದೆ, ಅಂದು ಸಂಜೆ ಐದಕ್ಕೆ ಕಳಿಸಿದ ಅಂಕಿಯೇ ಕೊನೆ ಎಂದೆ. ಸಭೆಯ ನಡಾವಳಿ ಪುಸ್ತಕಗಳನ್ನು ಕೇಳಿ ತೆಗೆದುಕೊಂಡೆ. ಹೊರಗೆ ಬಂದರೆ ಹಾಲ್‌ನ ಕಿಟಕಿಯ ಕೆಳಗೆ ನೀಲವ್ವ ನಿಂತಿದ್ದಳು. ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಹೋದಳು. ನನಗೆ ಬಹಳ ಕೆಡುಕೆನಿಸಿತು.

ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಸೊನ್ನೆಯ ಗುರುತು ಹಾಕುವಾಗ ನಾನು ಬಳಸಿದ್ದು ನನ್ನ ಹೆಂಡತಿ ವಾರಿಜಾಳ ಕೊರಳನ್ನು. ಬಾಯಿಗೆ ಬಂದದ್ದನ್ನು ನುಂಗಿದ ದಾಖಲೆ ಅವಳ ಹೆಸರಿನಲ್ಲಿಲ್ಲ. ಅಂದು ಸಂಜೆ ಧಾರವಾಡದ ಮನೆಗೆ ಮರಳಿ ಅವಳ ಕೊರಳಿಗೇ ಮತ್ತೆ ಪಟ್ಟಿ ಕಟ್ಟಿ ನೋಡಿದೆ. ಸೊನ್ನೆಗೆ ಸೊನ್ನೆ. ಯಂತ್ರ ಕೆಟ್ಟಿರಲಿಲ್ಲ.

“ಯಾಕ, ಮಾರಿ ಸಣ್ಣದು ಮಾಡೀರಿ?” ಎಂದಳು.

“ಏನಿಲ್ಲ.”

“ಲಗ್ನ ಆದಾಗಿಂದ ಏನಿಲ್ಲ ಅನ್ನಲಿಕ್ಕತ್ತೀರಿ. ತರ್ರಿ ಇಲ್ಲೆ,” ಎಂದು ಪಟ್ಟಿ ಬಿಚ್ಚಿ ನನ್ನ ಕೊರಳಿಗೇ ಬಿಗಿದಳು. ಹನ್ನೊಂದು ವರ್ಷದಲ್ಲಿ ನಾನು ಅದನ್ನು ಕಟ್ಟಿಕೊಂಡಿರಲಿಲ್ಲ. ನಿರ್ದೇಶಕರ ಹೆಸರು ಹೇಳಿದಳು, ಎಪ್ಪತ್ತು. ತನ್ನ ಹೆಸರು ಹೇಳಿದಳು, ಎಂಬತ್ತೆಂಟು.

“ಏನದು? ಹೇಳ್ರಿ.”

“ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಇರ್ತದ,” ಎಂದೆ. ಎಂಬತ್ತೊಂದಕ್ಕೆ ಇಳಿಯಿತು.

“ದಿನಾ ಇರ್ತದ.” ಎಪ್ಪತ್ತಾರು.

“ಇಳೀಲಿಕ್ಕತ್ತದ ನೋಡ್ರಿ! ಇನ್ನೂ ಹೇಳ್ರಿ,” ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು. ಅಲ್ಲಿಗೆ ನಿಲ್ಲಿಸುವಷ್ಟು ಬುದ್ಧಿ ನನಗಿತ್ತು. ಆದರೆ ಬೇರೊಂದು ತಲೆಗೆ ಹೊಳೆದು ನಡಾವಳಿ ಪುಸ್ತಕ ಬಿಚ್ಚಿದೆ.

ಆರು ವರ್ಷದ ಗುರುವಾರಗಳನ್ನು ಸಭೆಯ ಗುಮಾಸ್ತ ಪಾಪ ಚಾಚೂ ತಪ್ಪದೆ ಬರೆದಿಟ್ಟಿದ್ದ. ‘ಅಕ್ಕೋರು ಶೆಟ್ಟರನ್ನು ಓಣಿಯ ಶನಿ ಎಂದರು. ಶೆಟ್ಟರು ಅಕ್ಕೋರ ಬಾಯಿಗೇ ಧೂಳಿನ ಚೀಲ ಕಟ್ಟಬೇಕು ಎಂದರು. ತದನಂತರ ಶೆಟ್ಟರು ಎರಡು ಹೊಸ ಚೀಲ ಹಾಕಿಸಲು ಒಪ್ಪಿದರು. ಚಹಾದೊಂದಿಗೆ ಸಭೆ ಮುಗಿಯಿತು.’ ಮುಂದಿನ ವಾರ: ‘ಚೀಲ ಝಾಡಿಸಿಲ್ಲವೆಂದು ಅಕ್ಕೋರು ಶೆಟ್ಟರನ್ನು ಈರ್ಯಾ ಎಂದು ಕರೆದರು. ಚೀಲ ಝಾಡಿಸಲಾಯಿತು.’ ಕಳೆದ ನಾಲ್ಕು ವಾರದ ಪುಟಗಳಲ್ಲಿ ಮಾತ್ರ ಒಂದೇ ಸಾಲು: ‘ಉಭಯತ್ರರು ಪರಸ್ಪರ ಕುಶಲ ವಿಚಾರಿಸಿದರು.’

ಕೆಂಚನಗಟ್ಟಿಯ ಶಾಲೆಯ ಗೇಟಿನಲ್ಲಿ ಗಾಳಿಯ ಧೂಳು ಅಳೆಯುವ ಡಬ್ಬಿಯೊಂದಿತ್ತು. ಅದರ ದಾಖಲೆ ತರಿಸಿ ಪಕ್ಕದಲ್ಲಿಟ್ಟೆ. ಆರು ವರ್ಷ ತಳದಲ್ಲಿ ಮಲಗಿದ್ದ ಗೆರೆ, ಕುಶಲ ವಿಚಾರಿಸಲು ಶುರುವಾದ ವಾರದಿಂದ ಎದ್ದು ಕೂತಿತ್ತು. ಗಿರಣಿಯ ಧೂಳು ಹಿಡಿಯುವ ಬಟ್ಟೆ ಚೀಲಗಳನ್ನು ವಾರಕ್ಕೊಮ್ಮೆ ಝಾಡಿಸಬೇಕೆಂಬುದು ಮೂರನೆಯ ಷರತ್ತು. ಬೈಯುವವರಿಲ್ಲದೆ ಅವನ್ನು ಯಾರೂ ಮುಟ್ಟಿರಲಿಲ್ಲ.

ಗುರುವಾರ ಮತ್ತೆ ಕೆಂಚನಗಟ್ಟಿಗೆ ಹೋದೆ, ಸಭೆ ಸೇರಿತು. ಯಂತ್ರದ ಗುಟ್ಟು ಹೇಳುವಂತಿರಲಿಲ್ಲ. ಧೂಳಿನ ಗೆರೆ ತೋರಿಸಬಾರದೆಂದು ಯಾವ ನಿಯಮವೂ ಇರಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹರಡಿ, ನಾಲ್ಕು ವಾರದಿಂದ ಚೀಲ ಝಾಡಿಸಿಲ್ಲ ಅಂತ ಕಾಣಿಸುತ್ತದೆ ಎಂದೆ.

ಅಕ್ಕೋರು ಕನ್ನಡಕ ಏರಿಸಿ ನೋಡಿದರು. “ಶ್ರೀಮಾನ್ ಈರಸಂಗಪ್ಪನವರೇ, ಇದು…” ಎಂದು ಶುರು ಮಾಡಿ, ಜೋರಾಗಿ ಒಂದು ಸೀನು ಸೀನಿದರು. ಕರವಸ್ತ್ರ ಕೆಳಗೆ ಬಿತ್ತು.

“ಈರ್ಯಾ! ನಾಕು ವಾರ ಆತು, ಚೀಲ ಝಾಡಿಸಿಲ್ಲೇನಲೇ?”

“ನೀವು ಕೇಳ್ಲಿಲ್ಲಲ್ರಿ!”

“ಕೇಳಿದ್ರ ಅಷ್ಟ ಮಾಡಾಂವೇನ ನೀನು? ನಾಲ್ಕನೇ ಇಯತ್ತ್ಯಾಗೂ ಹಿಂಗ, ಅರವತ್ತು ವರ್ಷಕ್ಕೂ ಹಿಂಗ!”

“ಕುಶಲಾ ಕೇಳು, ಕುಶಲಾ ಕೇಳು ಅಂತ ಕಲಿಸಿದವ್ರು ಯಾರು? ನಿಮ್ಮ ಮಮ್ಮಗನ ನೆಗಡಿ, ನಿಮ್ಮ ಮೊಣಕಾಲು, ಎಲ್ಲಾ ಕೇಳಿ ಕೇಳಿ ನನಗ ಚೀಲದ ನೆಪ್ಪ ಉಳೀಲಿಲ್ಲ!”

ಇಪ್ಪತ್ತು ನಿಮಿಷ ಹೀಗೆ ನಡೆಯಿತು. ಗುಮಾಸ್ತ ಹಬ್ಬದೂಟಕ್ಕೆ ಕೂತವನಂತೆ ಬರೆಯುತ್ತಿದ್ದ. ಚೀಲ ಝಾಡಿಸಲು ಆಳುಗಳು ಓಡಿದರು. ಇಬ್ಬರೂ ಬೆವರೊರೆಸಿಕೊಂಡು, ಬಹಳ ದಿನದ ಮೇಲೆ ತವರಿಗೆ ಬಂದವರಂತೆ ಉಸಿರು ಬಿಟ್ಟರು. ಪಟ್ಟಿ ಕಟ್ಟಿದೆ. ಶೆಟ್ಟರದು ಆರು, ಅಕ್ಕೋರದು ನಾಲ್ಕು.

ಹಾಲ್‌ನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನಗೂ ಕುಣಿಯಬೇಕೆನಿಸಿತು. ಆಗ ಬಾಗಿಲಲ್ಲಿ ನೀಲವ್ವ ಕಂಡಳು. ಅವಳ ಹಿಂದೆ ಹತ್ತಾರು ಹೆಂಗಸರು.

“ಪಾಸ್ ಏನ್ರಿ?”

“ಪಾಸ್ ನೀಲವ್ವ.”

ಅವಳ ಕಣ್ಣಲ್ಲಿ ನೀರು ಬಂತು, ಜೊತೆಗೆ ಕೆಮ್ಮು ಬಂತು. ಆ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೊದಲ ದಿನವೂ ಹೀಗೇ ಕೆಮ್ಮಿದ್ದಳು ಎಂಬುದು ನನಗೆ ಆಗ ನೆನಪಾಯಿತು.

“ನಿಮಗೇನರೆ ಹೇಳೋದದ ಏನವ್ವ?” ಎಂದೆ.

“ಏನಿಲ್ರಿ ಸಾಹೇಬ್ರ. ಎಲ್ಲಾ ಛಲೋ ಐತಿ.”

ಈ ‘ಏನಿಲ್ಲ’ದ ಮೇಲೆ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೆ. ಸುಮ್ಮನಿರಲಾಗದೆ ಅವಳನ್ನು ಕರೆದು ಕೂರಿಸಿ ಪಟ್ಟಿ ಕಟ್ಟಿದೆ. ‘ರಾಜಿ’ ಎಂದೊಂದೇ ಮಾತು ಹೇಳಿದೆ. ಅಂಕಿ ನೂರಕ್ಕೆ ಹೋಗಿ ಬಡಿದು, ಇನ್ನೂ ಮೇಲೆ ಜಾಗ ಸಿಗದೆ ಯಂತ್ರ ಸೀಟಿ ಹೊಡೆಯತೊಡಗಿತು.

ಸೀಟಿ ನಿಲ್ಲಿಸುವಷ್ಟರಲ್ಲಿ ನೀಲವ್ವ ನನ್ನ ಕೈ ಹಿಡಿದಿದ್ದಳು. “ಅದನ್ನ ಬರೀಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೇನಿ. ಗಿರಣಿ ಹೊಕ್ಕಾವ್ರಿ!”

ಬರೆಯಬೇಕಾಗಿಯೂ ಇರಲಿಲ್ಲ. ನಮೂನೆಯಲ್ಲಿದ್ದದ್ದು ಎರಡೇ ಕಾಲಮ್ಮು, ಒಂದನೆಯ ಪಕ್ಷ, ಎರಡನೆಯ ಪಕ್ಷ. ಆರು ಮತ್ತು ನಾಲ್ಕು ಬರೆದು ಮೂರರ ಬಸ್ಸಿಗೆ ಧಾರವಾಡ ಸೇರಿದ್ದರೆ ನನ್ನ ಯಂತ್ರಕ್ಕೆ ಜಯ, ಊರಿಗೆ ಜಯ. ಆದರೆ ಆ ಕೆಮ್ಮನ್ನು ಎಲ್ಲಿ ಬರೆಯುವುದು? ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಒಂದು ನಿಯಮ ಮುರಿದೆ.

“ನೀಲವ್ವ, ಈ ಯಂತ್ರ ಜಗಳ ಅಳಿಯೂದಿಲ್ಲ. ನುಂಗಿದ ಮಾತು ಅಳೀತದ. ಮಾತು ಹೊರಗ ಬಂದ್ರ ಅಂಕಿ ಇಳೀತದ. ಮೂರನೇ ಕಾಲಮ್ ಹಾಕಿ ನಿಮ್ಮ ಅಂಕಿ ಬರದ್ರ ನೀವೂ ರಾಜಿಗೆ ಒಂದು ಪಕ್ಷ ಆಗ್ತೀರಿ. ನಿಮ್ಮನ್ನ ಕೇಳಲಾರದ ಮುಂದ ಏನೂ ಮಾಡಲಿಕ್ಕೆ ಬರೂದಿಲ್ಲ. ಆದ್ರ ಐದರೊಳಗ ನಲವತ್ತರ ಕೆಳಗ ಬರಬೇಕು. ಬರಲಿಲ್ಲಂದ್ರ ನಾಪಾಸ್. ಬರೀಲೋ ಬ್ಯಾಡೋ, ನೀವ ಹೇಳ್ರಿ.”

ಅವಳು ಬಾಗಿಲ ಕಡೆ ತಿರುಗಿ ತನ್ನ ಮಂದಿಯನ್ನು ನೋಡಿದಳು. ಒಬ್ಬಾಕೆ ಹೂಂ ಎಂಬಂತೆ ತಲೆ ಆಡಿಸಿದಳು, ಆಮೇಲೆ ಇನ್ನೊಬ್ಬಾಕೆ.

“ಬರೀರಿ,” ಎಂದಳು ನೀಲವ್ವ.

ಆಗ ಎರಡೂವರೆ. ಮೊದಮೊದಲು ಮಾತು ತಡೆತಡೆದು ಬಂತು. ಶೆಟ್ಟರು ದಿನವಿಡೀ ಹಚ್ಚುವ ರೇಡಿಯೋ, ಅಕ್ಕೋರು ಐವತ್ತು ವರ್ಷದವರನ್ನೂ ‘ಏ ಹುಡಿಗಿ’ ಎಂದು ಕರೆಯುವುದು, ಅಧಿಕಾರಿಗಳು ಬಂದಾಗ ಹೊಸ ಏಪ್ರನ್ ಕೊಟ್ಟು ಫೋಟೋ ತೆಗೆಸಿ ಸಂಜೆಗೆ ವಾಪಸು ಇಸಿದುಕೊಳ್ಳುವುದು. ತೊಂಬತ್ತು. ಎಂಬತ್ತೆರಡು. ಆಮೇಲೆ ಕಟ್ಟೆ ಒಡೆಯಿತು.

“ನಾಲ್ಕನೇ ಷರತ್ತ್ಯಾಗ ಏನ್ ಬರದೀರಿ? ಓಣಿ ಕಡೆ ಕಿಟಕಿ ಮುಚ್ಚಬೇಕು. ಮುಚ್ಚಿದ್ರಿ. ಓಣ್ಯಾಗ ಸೀನು ನಿಂತು ಎಲ್ಲಾರೂ ಪೇಢೆ ಹಂಚಿದ್ರಿ. ನಿಂತ ಸೀನು ಎಲ್ಲಿಗೆ ಹೋತು ಅಂತ ಒಬ್ಬರರೆ ಕೇಳಿದ್ರ್ಯಾ? ಒಳಗ ನೂರಾ ನಲವತ್ತು ಮಂದಿ ಕುಂತಿದ್ವಿ. ನಮ್ಮ ಎದಿಯಾಗ ಬಂದು ಕುಂತೈತಿ ಅದು!”

ಶೆಟ್ಟರು ಸಣ್ಣ ದನಿಯಲ್ಲಿ, “ಹೇಳಬೇಕಿಲ್ಲೇನ ನೀಲವ್ವ?” ಎಂದರು.

“ಯಾರ ಮುಂದ ಹೇಳ್ಲಿ? ಕುರ್ಚಿ ಎರಡ ಇದ್ವು. ಇಬ್ರು ಕುಂತಿದ್ರಿ.”

ನಾಲ್ಕೂವರೆಗೆ ಐವತ್ತೆರಡಕ್ಕೆ ಬಂದ ಅಂಕಿ ಅಲ್ಲೇ ನಿಂತುಬಿಟ್ಟಿತು. ಇನ್ನೇನಿಲ್ಲ, ಎಲ್ಲ ಹೇಳಿದೆ ಎಂದಳು. ಶೆಟ್ಟರು ಗಡಿಯಾರ ನೋಡುತ್ತಿದ್ದರು, ನಾನು ಅಂಕಿ ನೋಡುತ್ತಿದ್ದೆ. ಇಷ್ಟು ಮಂದಿಯ ಅನ್ನವನ್ನು ನನ್ನ ಹಟಕ್ಕೆ ಪಣ ಇಟ್ಟೆನೇನೋ ಎಂದು ಭಯವಾಯಿತು.

“ಇನ್ನೂ ಏನೋ ಅದ ನೀಲವ್ವ,” ಎಂದೆ.

ಅವಳು ಕೆಂಪು ಬೆರಳುಗಳನ್ನು ನೋಡಿಕೊಂಡಳು.

“ಫಕೀರವ್ವ ಅಂತ ಇದ್ಲ್ರಿ. ನನ್ನ ಪಕ್ಕದಾಗ ಕುಂದ್ರತಿದ್ಲು. ಎದಿ ಹಿಡಕೊಂತು. ಕಿಟಕಿ ತಗಿಸೂಣು, ಹೋಗಿ ಕೇಳೂಣು ಅಂದ್ಲು. ಬಾಯಿ ಮುಚ್ಚು, ಕೇಳಿದ್ರ ಗಿರಣಿನ ಹೊಕ್ಕೈತಿ ಅಂದೆ ನಾನು. ಮುಚ್ಚಿದ್ಲು. ಈಗ ಹಾಸಿಗಿ ಬಿಟ್ಟು ಏಳೂದಿಲ್ಲ. ಶೆಟ್ಟರು ಅಲ್ಲ, ಅಕ್ಕೋರು ಅಲ್ಲ. ಬಾಯಿ ಮುಚ್ಚು ಅಂದಾಕಿ ನಾನ.”

ಅಕ್ಕೋರು ಎದ್ದರು. ಮೊಣಕಾಲು ಹಿಡಿದುಕೊಂಡು, ಹಾಲ್‌ಗೂ ಗಿರಣಿಗೂ ನಡುವಿನ ಬಾಗಿಲು ದಾಟಿ, ಆರು ವರ್ಷದಿಂದ ಮುಚ್ಚಿದ್ದ ಓಣಿ ಕಡೆಯ ಕಿಟಕಿಗೆ ಹೋಗಿ ಚಿಲಕ ಜಗ್ಗಿದರು. ಬರಲಿಲ್ಲ. ಶೆಟ್ಟರು ಓಡಿಹೋಗಿ ಕೈ ಹಚ್ಚಿದರು. ಇಬ್ಬರೂ ಜಗ್ಗಿದ ರಭಸಕ್ಕೆ ಕಿಟಕಿ ಧಡ್ ಎಂದು ತೆರೆದುಕೊಂಡು ಆರು ವರ್ಷದ ಖಾರ ಒಟ್ಟಿಗೇ ಎದ್ದಿತು. ಅಕ್ಕೋರು ಸೀನಿದರು, ಶೆಟ್ಟರು ಸೀನಿದರು, ನಾನು ಸೀನಿದೆ, ಗುಮಾಸ್ತ ಸೀನಿ ಸೀನಿ ನಡಾವಳಿಯ ಮೇಲೆ ಶಾಯಿ ಚೆಲ್ಲಿದ. ಓಣಿಯಲ್ಲಿ ಒಂದರ ಹಿಂದೊಂದು ಮನೆ ಸೀನುವುದು ಕೇಳಿಸಿತು. ಹೆಂಗಸರು ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ಸೆರಗು ತೆಗೆದೇ ನಕ್ಕರು.

“ಮಾಳಗಿ ಮ್ಯಾಲ ಗಾಳಿ ಜಗ್ಗೂ ಫ್ಯಾನ್ ಕೂಡಸ್ತೇನಿ,” ಎಂದರು ಶೆಟ್ಟರು ಕಣ್ಣೊರೆಸಿಕೊಳ್ಳುತ್ತ. “ಫಕೀರವ್ವನ ಔಷಧ ನನ್ನ ಮ್ಯಾಲಿರ್ಲಿ. ಬರಕೋರಿ.”

“ಫ್ಯಾನ್ ಕೂಡ್ರೂ ತನಕ ಓಣಿ ಸೀನ್ತೈತಿ,” ಎಂದರು ಅಕ್ಕೋರು. “ಅದನ್ನೂ ಬರಕೋರಿ.”

ಐದಕ್ಕೆ ಹತ್ತು ನಿಮಿಷವಿತ್ತು. ನಾನು ಕಣ್ಣು ಉಜ್ಜಿಕೊಂಡು ಅಂಕಿ ನೋಡಿದೆ, ಮತ್ತೊಮ್ಮೆ ನೋಡಿದೆ, ಮೂರನೆಯ ಕಾಲಮ್ಮಿನಲ್ಲಿ ಬರೆದೆ.

“ಎಷ್ಟ್ರಿ?” ಎಂದಳು ನೀಲವ್ವ.

“ಮೂವತ್ತೊಂದು. ಪಾಸ್ ಆತವ್ವ. ಗಿರಣಿ ಎಲ್ಲೂ ಹೋಗೂದಿಲ್ಲ.”

ಬಾಗಿಲಲ್ಲಿ ಕೇಕೆ ಎದ್ದಿತು. ಪಟ್ಟಿ ಬಿಚ್ಚಲು ಹೋದೆ. ನೀಲವ್ವ ನನ್ನ ಕೈ ಸರಿಸಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಶೆಟ್ಟರಿಗೂ ಅಕ್ಕೋರಿಗೂ ಕೂರಲು ಸನ್ನೆ ಮಾಡಿದಳು.

“ಇನ್ನೂ ಮೂವತ್ತೊಂದು ಉಳದಾವಲ್ರಿ,” ಎಂದಳು. “ಶೆಟ್ಟರ, ಚಾ ತರಸ್ರಿ.”